ಆಟದ ಅಂಗಳ: ಹೀಲರ್ ಪಾತ್ರವನ್ನು ಕಟ್ಟುವ ಬಗೆ

ಪ್ರಶ್ನೆ: ಮಾನ್ಯರೇ, ನಾವು ಐವರು ಗೆಳೆಯರು ತಿಂಗಳಿಗೆ ಎರಡು ಭಾನುವಾರ ಬಸವನಗುಡಿಯ ಒಂದು ಮನೆಯಲ್ಲಿ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸುವ ಆಟ ಆಡುತ್ತೇವೆ. ಐದನೆಯ ಆವೃತ್ತಿಯ 2014ರ ನಿಯಮಗಳನ್ನು ಅನುಸರಿಸುತ್ತೇವೆ. ನನ್ನದು ಲೈಫ್ ಡೊಮೇನ್‌ಗೆ (ಗಾಯ ಮಾಯಿಸುವ ಪಂಗಡಕ್ಕೆ) ಸೇರಿದ ಕ್ಲೆರಿಕ್, ಅಂದರೆ ಮಂತ್ರ ಹಾಕುವ ಪುರೋಹಿತನ ಪಾತ್ರ. ಮೂರನೆಯ ಲೆವೆಲ್, ಮಂತ್ರಬಲಕ್ಕೆ ಆಧಾರವಾದ ವಿಸ್ಡಮ್ ಅಂಕ 16. ಕಳೆದ ಬಾರಿ ಎರಡು ಓಗರ್‌ಗಳು (ದೈತ್ಯ ರಾಕ್ಷಸರು) ಎದುರಾದಾಗ ಪ್ರತಿ ಸರದಿಯಲ್ಲೂ ಯಾರಾದರೊಬ್ಬರ ಗಾಯ ಮಾಯಿಸುತ್ತಲೇ ಇದ್ದೆ. ಆದರೂ ಆರನೆಯ ಸುತ್ತಿನ ಹೊತ್ತಿಗೆ ನನ್ನ ಸ್ಪೆಲ್ ಸ್ಲಾಟ್‌ಗಳೆಲ್ಲ (ಮಂತ್ರ ಹಾಕಲು ಇರುವ ಸೀಮಿತ ಅವಕಾಶಗಳು) ಖಾಲಿಯಾಗಿ, ಇಬ್ಬರು ಜೊತೆಗಾರರು ಸತ್ತರು. ಪಾತ್ರವನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕಿತ್ತೇ?
— ಓದುಗರು, ಬಸವನಗುಡಿ

ಉತ್ತರ: ನೀವು ಪಾತ್ರವನ್ನು ಕಟ್ಟಿದ್ದರಲ್ಲಿ ದೊಡ್ಡ ದೋಷವಿಲ್ಲ, ಮಂತ್ರ ಹಾಕಿದ ಹೊತ್ತಿನಲ್ಲಿ ದೋಷವಿದೆ. ಈ ಆಟವನ್ನು ಅರಿಯದ ಓದುಗರಿಗಾಗಿ ಒಂದು ಮಾತು: 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರೂಪಿಸಿ ಹೊರತಂದ ಈ ಆಟದಲ್ಲಿ ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆಯನ್ನೂ ಶತ್ರುಗಳನ್ನೂ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ, ಕಾಳಗ ಬಂದಾಗ ಸರದಿಯಂತೆ ದಾಳ ಉರುಳಿಸುತ್ತಾರೆ. ಮಂತ್ರಬಲದಿಂದ ಗಾಯ ಮಾಯಿಸುವ ಕ್ಲೆರಿಕ್ ಮೊದಲ ಆವೃತ್ತಿಯಿಂದಲೂ ಆಟದಲ್ಲಿದ್ದಾನೆ.

ಈಗ ನಿಮ್ಮ ಕಾಳಗದ ಲೆಕ್ಕವನ್ನು ನೋಡೋಣ. ಓಗರ್‌ನ ದೊಣ್ಣೆಯ ಏಟು ತಾಗಿದರೆ ಸರಾಸರಿ 13 ಹಿಟ್ ಪಾಯಿಂಟ್ (ಜೀವಬಲದ ಅಂಕ) ಹೋಗುತ್ತದೆ. ಆರ್ಮರ್ ಕ್ಲಾಸ್ (ಏಟು ತಾಗದಂತೆ ಕಾಯುವ ರಕ್ಷಣೆಯ ಅಂಕ) 16 ಇರುವ ಜೊತೆಗಾರನಿಗೆ ಆ ಏಟು ತಾಗುವ ಸಾಧ್ಯತೆ ನೂರಕ್ಕೆ 55. ತಪ್ಪಿಹೋಗುವ ಏಟುಗಳನ್ನು ಕಳೆದರೂ ಎರಡು ಓಗರ್‌ಗಳಿಂದ ಸುತ್ತೊಂದಕ್ಕೆ ಸುಮಾರು 15 ಪಾಯಿಂಟ್ ನಷ್ಟವಾಗುತ್ತದೆ. ನಿಮ್ಮ ಮೊದಲ ಹಂತದ ‘ಕ್ಯೂರ್ ವೂಂಡ್ಸ್’ ಎಂಟು ಮುಖದ ಒಂದು ದಾಳ, ವಿಸ್ಡಮ್‌ನ 3 ಮತ್ತು ಲೈಫ್ ಡೊಮೇನ್ ಕೊಡುವ 3 ಸೇರಿ ಸರಾಸರಿ ಹತ್ತೂವರೆ ಪಾಯಿಂಟ್ ಮರಳಿಸುತ್ತದೆ. ಅಂದರೆ ಸುತ್ತು ಸುತ್ತಿಗೂ ನೀವು ಹಿಂದೆ ಬೀಳುತ್ತಲೇ ಇದ್ದಿರಿ. ಮೂರನೆಯ ಲೆವೆಲ್‌ನ ಕ್ಲೆರಿಕ್‌ಗೆ ಇರುವುದು ಮೊದಲ ಹಂತದ ನಾಲ್ಕು ಮತ್ತು ಎರಡನೆಯ ಹಂತದ ಎರಡು ಸ್ಲಾಟ್‌ಗಳಾದ್ದರಿಂದ, ಸರದಿಗೊಂದರಂತೆ ವ್ಯಯಿಸಿದರೆ ಆರನೆಯ ಸುತ್ತಿಗೆ ಚೀಲ ಬರಿದಾಗುವುದು ಸಹಜವೇ. ಸೋರುವ ತೊಟ್ಟಿಗೆ ಬಿಂದಿಗೆಯಲ್ಲಿ ನೀರು ಹೊಯ್ಯುತ್ತ ನಿಂತಂತೆ ಆಯಿತು. ಮೊದಲು ತೂತನ್ನು ಮುಚ್ಚಬೇಕಿತ್ತು.

ಹೀಲರ್, ಅಂದರೆ ಗಾಯ ಮಾಯಿಸುವ ಪಾತ್ರ, ಆಡುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ನಿಯಮವೊಂದಿದೆ. ಈ ಆಟದಲ್ಲಿ 1 ಹಿಟ್ ಪಾಯಿಂಟ್ ಉಳಿದಿರುವ ಯೋಧ 30 ಪಾಯಿಂಟ್ ಇರುವವನಷ್ಟೇ ಬಲವಾಗಿ ಹೊಡೆಯುತ್ತಾನೆ. ಸೊನ್ನೆಗೆ ಇಳಿದಾಗ ಮಾತ್ರ ಪ್ರಜ್ಞೆ ತಪ್ಪಿ ತನ್ನ ಸರದಿಯನ್ನು ಕಳೆದುಕೊಳ್ಳುತ್ತಾನೆ. ಸೊನ್ನೆಯ ಕೆಳಗೆ ಲೆಕ್ಕವೂ ಹೋಗುವುದಿಲ್ಲ. ಒಂದೇ ಏಟಿನಲ್ಲಿ ಮಿಕ್ಕ ಪೆಟ್ಟು ಅವನ ಪೂರ್ಣ ಹಿಟ್ ಪಾಯಿಂಟ್‌ನಷ್ಟಿದ್ದರೆ ಮಾತ್ರ ಅವನು ತಕ್ಷಣ ಸಾಯುತ್ತಾನೆ. 3 ಪಾಯಿಂಟ್ ಉಳಿದವನಿಗೆ 13ರ ಏಟು ಬಿದ್ದರೆ ಓಗರ್‌ನ 10 ಪಾಯಿಂಟ್ ವ್ಯರ್ಥವಾಯಿತು. ಅದೇ ಯೋಧನಿಗೆ ನೀವು ಮುಂಚಿತವಾಗಿ 9 ಪಾಯಿಂಟ್ ತುಂಬಿದ್ದರೆ, ಅವನು ಅದೇ ಏಟಿಗೆ ಹೇಗೂ ಬೀಳುತ್ತಿದ್ದ, ನಿಮ್ಮ ಸ್ಲಾಟ್ ಮಾತ್ರ ಹೋಗುತ್ತಿತ್ತು. ಆದ್ದರಿಂದ ನೀವು ಎಣಿಸಬೇಕಾದದ್ದು ಯಾರಿಗೆ ಎಷ್ಟು ಗಾಯವಾಗಿದೆ ಎಂಬುದನ್ನಲ್ಲ, ನಿಮ್ಮ ಗುಂಪು ಎಷ್ಟು ಸರದಿಗಳನ್ನು ಕಳೆದುಕೊಳ್ಳುತ್ತಿದೆ ಎಂಬುದನ್ನು.

ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಎಲ್ಲರೂ ಬೀಳುವವರೆಗೆ ಕಾಯುವುದೇ’ ಎಂದು ನೀವು ಕೇಳಬಹುದು. ಕಾಯುವುದರಲ್ಲೂ ಅಪಾಯವಿದೆ. ಬಿದ್ದವನು ಪ್ರತಿ ಸರದಿಯಲ್ಲಿ 20 ಮುಖದ ದಾಳ ಉರುಳಿಸಬೇಕು; 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗಾದರೆ ಒಂದು ಸೋಲು, ಮೂರು ಸೋಲಾದರೆ ಸಾವು. ಪ್ರಜ್ಞೆಯಿಲ್ಲದವನನ್ನು 5 ಅಡಿಯೊಳಗಿಂದ ಹೊಡೆದ ಏಟು ತಾಗಿದರೆ ಅದು ತಾನಾಗಿಯೇ ಕ್ರಿಟಿಕಲ್, ಅಂದರೆ ಭಾರಿ ಏಟು, ಆಗುತ್ತದೆ, ಒಮ್ಮೆಗೇ ಎರಡು ಸೋಲು ಬರುತ್ತದೆ. ಆದ್ದರಿಂದ ಸರದಿಯ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಿ. ಬಿದ್ದವನ ಸರದಿ ನಿಮ್ಮ ನಂತರ, ಓಗರ್‌ಗಿಂತ ಮುಂಚೆ ಬರುವುದಾದರೆ, ಅವನನ್ನು ಎಬ್ಬಿಸಿದ ನಿಮ್ಮ ಮಂತ್ರ ಗುಂಪಿಗೆ ಒಂದು ಇಡೀ ಸರದಿಯನ್ನು ಗಳಿಸಿಕೊಡುತ್ತದೆ. ಓಗರ್ ನಡುವೆ ಬರುವುದಾದರೆ ಎದ್ದವನು ಮತ್ತೆ ಬೀಳುವ ಸಂಭವವೇ ಹೆಚ್ಚು. ಆಗ ಆ ಓಗರ್‌ನ ಸರದಿಯನ್ನೇ ಕಸಿಯುವ ದಾರಿ ಹುಡುಕಬೇಕು.

ಆ ದಾರಿ ನಿಮ್ಮ ಕೈಯಲ್ಲೇ ಇದೆ. ‘ಕಮಾಂಡ್’ ಮಂತ್ರದಿಂದ ‘ಅಡ್ಡಬೀಳು’ ಎಂಬ ಒಂದು ಮಾತು ಹೇಳಿದರೆ, ಅದಕ್ಕೆ ಒಳಗಾದ ಓಗರ್ ತನ್ನ ಸರದಿಯಲ್ಲಿ ನೆಲಕ್ಕೆ ಬಿದ್ದು ಸುಮ್ಮನಾಗುತ್ತದೆ. ನಿಮ್ಮ ಮಂತ್ರದ ಕಟ್ಟು (ಅದರಿಂದ ತಪ್ಪಿಸಿಕೊಳ್ಳಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ) 13, ಓಗರ್‌ನ ವಿಸ್ಡಮ್ ತೀರ ಕಡಿಮೆ. ಹಾಗಾಗಿ ಅದು ನೂರಕ್ಕೆ 70ರಷ್ಟು ಸಲ ಸೋಲುತ್ತದೆ. ಎರಡನೆಯ ಹಂತದ ಸ್ಲಾಟ್ ಬಳಸಿದರೆ, ಪರಸ್ಪರ 30 ಅಡಿಯೊಳಗಿರುವ ಎರಡು ಓಗರ್‌ಗಳಿಗೂ ಒಟ್ಟಿಗೆ ಅಪ್ಪಣೆ ಕೊಡಬಹುದು. ನೆಲಕ್ಕೆ ಬಿದ್ದ ಶತ್ರುವನ್ನು ಪಕ್ಕದಲ್ಲಿ ನಿಂತು ಹೊಡೆಯುವ ನಿಮ್ಮವರಿಗೆ ಎರಡು ದಾಳ ಉರುಳಿಸಿ ದೊಡ್ಡದನ್ನು ಆರಿಸಿಕೊಳ್ಳುವ ಅನುಕೂಲವೂ ಸಿಗುತ್ತದೆ. ಗೆಳೆಯನೊಬ್ಬ ಬಿದ್ದಿರುವಾಗ ಅವನ ತಲೆಯ ಮೇಲೆ ಓಗರ್ ನಿಂತಿದ್ದರೆ ನಾನು ಮೊದಲು ನೆನೆಯುವುದು ಈ ಮಂತ್ರವನ್ನೇ.

ಎಬ್ಬಿಸುವ ಕೆಲಸಕ್ಕೆ ‘ಕ್ಯೂರ್ ವೂಂಡ್ಸ್’ ಬದಲು ‘ಹೀಲಿಂಗ್ ವರ್ಡ್’ ಇರಲಿ. ನಿಮ್ಮ ಪಾತ್ರಕ್ಕೆ ಅದು ಸರಾಸರಿ ಎಂಟೂವರೆ ಪಾಯಿಂಟ್ ಕೊಡುತ್ತದೆ. ಕೇವಲ 2 ಪಾಯಿಂಟ್ ಕಡಿಮೆ. ಆದರೆ ಅದನ್ನು 60 ಅಡಿ ದೂರದಿಂದ ಹೇಳಬಹುದು, ಅದಕ್ಕೆ ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕ್ರಿಯೆ) ಸಾಕು, ಮುಖ್ಯ ಆಕ್ಷನ್ ನಿಮ್ಮ ಬಳಿಯೇ ಉಳಿಯುತ್ತದೆ. ಅದೇ ಸರದಿಯಲ್ಲಿ ಗದೆ ಬೀಸಬಹುದು ಅಥವಾ ‘ಸೇಕ್ರೆಡ್ ಫ್ಲೇಮ್’ನಂತಹ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಕಿರುಮಂತ್ರ) ಹಾಕಬಹುದು. ಸ್ಲಾಟ್ ಬೇಡುವ ಇನ್ನೊಂದು ಮಂತ್ರಕ್ಕೆ ಮಾತ್ರ 2014ರ ನಿಯಮ ಅವಕಾಶ ಕೊಡುವುದಿಲ್ಲ. ‘ಸ್ಪಿರಿಚುಯಲ್ ವೆಪನ್’ ಮಂತ್ರವೂ ಬೋನಸ್ ಆಕ್ಷನ್ನನ್ನೇ ಕೇಳುವುದರಿಂದ, ಯಾರನ್ನೂ ಎಬ್ಬಿಸಬೇಕಾಗಿಲ್ಲದ ಸರದಿಗಳಲ್ಲಿ ಅದರಿಂದ ಹೊಡೆಯಿರಿ.

ಇನ್ನು ಕಾಳಗ ಮುಗಿದ ಮೇಲಿನ ಚಿಕಿತ್ಸೆ. ಹೆಚ್ಚಿನ ಹೀಲರ್‌ಗಳು ಸ್ಲಾಟ್‌ಗಳನ್ನು ಪೋಲು ಮಾಡುವುದು ಇಲ್ಲಿಯೇ. ಎರಡನೆಯ ಹಂತದ ‘ಕ್ಯೂರ್ ವೂಂಡ್ಸ್’ ನಿಮ್ಮ ಕೈಯಲ್ಲಿ ಒಬ್ಬನಿಗೆ ಸರಾಸರಿ 16 ಪಾಯಿಂಟ್ ಕೊಡುತ್ತದೆ. ಅದೇ ಹಂತದ ‘ಪ್ರೇಯರ್ ಆಫ್ ಹೀಲಿಂಗ್’ ಹತ್ತು ನಿಮಿಷ ಹಿಡಿದರೂ ಆರು ಜನರವರೆಗೆ ತಲಾ 16 ಪಾಯಿಂಟ್ ಕೊಡುತ್ತದೆ. ನಿಮ್ಮ ನಾಲ್ವರ ಗುಂಪಿಗೆ ಒಂದೇ ಸ್ಲಾಟ್‌ನಿಂದ 64 ಪಾಯಿಂಟ್! ಲೈಫ್ ಡೊಮೇನ್ ಕೊಡುವ ‘ಪ್ರಿಸರ್ವ್ ಲೈಫ್’ ಶಕ್ತಿ ನಿಮ್ಮ ಲೆವೆಲ್‌ನಲ್ಲಿ 15 ಪಾಯಿಂಟ್ ಹಂಚುತ್ತದೆ ಮತ್ತು ಒಂದು ಗಂಟೆಯ ಶಾರ್ಟ್ ರೆಸ್ಟ್ ಆದೊಡನೆ ಮರಳಿ ಸಿಗುತ್ತದೆ. ಪೂರ್ಣ ಹಿಟ್ ಪಾಯಿಂಟ್‌ನ ಅರ್ಧಕ್ಕಿಂತ ಮೇಲೆ ಯಾರನ್ನೂ ಏರಿಸುವುದಿಲ್ಲ ಎಂಬ ಮಿತಿಯಿದೆ. ಆ ವಿಶ್ರಾಂತಿಯಲ್ಲಿ ಜೊತೆಗಾರರು ತಮ್ಮ ಹಿಟ್ ಡೈಸ್ (ಚೇತರಿಕೆಯ ದಾಳಗಳು) ಉರುಳಿಸಿ ತಾವೇ ಚೇತರಿಸಿಕೊಳ್ಳಲಿ. ಹಾಗೆಯೇ ಅಪಾಯ ಖಚಿತವೆನಿಸಿದ ಗುಹೆಗೆ ಹೊಕ್ಕುವ ಮೊದಲೇ ‘ಏಡ್’ ಹಾಕಿದರೆ ಮೂವರಿಗೆ ತಲಾ 5 ಪಾಯಿಂಟ್ ಎಂಟು ಗಂಟೆ ಉಳಿಯುತ್ತದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಪಾತ್ರದ ರಚನೆಯ ಬಗ್ಗೆಯೂ ಕೇಳಿದ್ದೀರಿ. ಹೊಸದಾಗಿ ಕಟ್ಟುವವರಿಗೆ ಹಿಲ್ ಡ್ವಾರ್ಫ್ ಕುಲ ಬಹಳ ಒಪ್ಪುತ್ತದೆ. 15, 14, 13, 12, 10, 8 ಎಂಬ ನಿಗದಿತ ಅಂಕಗಳಲ್ಲಿ 15 ವಿಸ್ಡಮ್‌ಗೂ 14 ಕಾನ್‌ಸ್ಟಿಟ್ಯೂಷನ್‌ಗೂ (ದೇಹದಾರ್ಢ್ಯದ ಅಂಕ) ಹೋದರೆ ಕುಲದ ಹೆಚ್ಚಳ ಸೇರಿ ಎರಡೂ 16 ಆಗುತ್ತವೆ, ಲೆವೆಲ್‌ಗೆ ಒಂದರಂತೆ ಹೆಚ್ಚಿನ ಹಿಟ್ ಪಾಯಿಂಟ್ ಸಿಗುತ್ತದೆ. ಲೈಫ್ ಡೊಮೇನ್ ಭಾರಿ ಕವಚದ ಅನುಮತಿ ಕೊಡುವುದರಿಂದ ಚೈನ್ ಮೇಲ್ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ 18 ಆಗುತ್ತದೆ. ನಾಲ್ಕನೆಯ ಲೆವೆಲ್‌ನಲ್ಲಿ ವಿಸ್ಡಮ್ ಏರಿಸಿ ಎಂದು ಹಲವರು ಹೇಳುವರು. ಮುಂದಿನ ಸಾಲಿನಲ್ಲಿ ನಿಲ್ಲುವ ಕ್ಲೆರಿಕ್‌ಗೆ ‘ವಾರ್ ಕ್ಯಾಸ್ಟರ್’ ಎಂಬ ಫೀಟ್ (ವಿಶೇಷ ಕೌಶಲ) ಮೇಲು ಎಂದು ನನ್ನ ಅಭಿಪ್ರಾಯ. ‘ಬ್ಲೆಸ್’ನಂತಹ ಮಂತ್ರ ಮೂವರ ಪ್ರತಿ ಏಟಿಗೂ ನಾಲ್ಕು ಮುಖದ ಒಂದು ದಾಳವನ್ನು ಸೇರಿಸುತ್ತಿರುತ್ತದೆ, ಆದರೆ ನಿಮಗೆ ಏಟು ತಾಗಿದಾಗಲೆಲ್ಲ ಏಕಾಗ್ರತೆಯ ಪರೀಕ್ಷೆ ಎದುರಿಸಬೇಕು, ಸೋತರೆ ಮಂತ್ರ ಮುರಿಯುತ್ತದೆ. ಕಾನ್‌ಸ್ಟಿಟ್ಯೂಷನ್ 16 ಇದ್ದರೆ ಸಾಮಾನ್ಯ ಏಟಿಗೆ ಅದನ್ನು ಗೆಲ್ಲುವ ಸಾಧ್ಯತೆ ನೂರಕ್ಕೆ 70. ವಾರ್ ಕ್ಯಾಸ್ಟರ್ ಇದ್ದರೆ 91.

ಪ್ರಶ್ನೆ: ನಾನು ಕೋರಮಂಗಲದ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ವಾರಕ್ಕೊಮ್ಮೆ ಆಡುವ ವಿದ್ಯಾರ್ಥಿನಿ. ಗುಂಪಿನಲ್ಲಿ ಹೀಲರ್ ನಾನೊಬ್ಬಳೇ. ಯಾರಿಗಾದರೂ ಸ್ವಲ್ಪ ಪೆಟ್ಟಾದರೂ ‘ನಿನ್ನ ಕೆಲಸ ಮಾಡು’ ಎನ್ನುತ್ತಾರೆ. ಕಥೆಯಲ್ಲಿ ನನಗೆ ಬೇರೆ ಪಾಲೇ ಇಲ್ಲವೆನಿಸಿ ಬೇಸರವಾಗಿದೆ.
— ಓದುಗರು, ಕೆಂಗೇರಿ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಮುಂದಿನ ವಾರ ಆಟ ಆರಂಭಿಸುವ ಮೊದಲು, ಕಾಳಗದ ಬಿಸಿ ಇಲ್ಲದ ಹೊತ್ತಿನಲ್ಲಿ, ‘ಬಿದ್ದವರನ್ನು ಖಂಡಿತ ಎಬ್ಬಿಸುತ್ತೇನೆ, ನಿಂತಿರುವವರಿಗೆ ಯಾವಾಗ ಮಂತ್ರ ಹಾಕಬೇಕೆಂಬುದು ನನ್ನ ತೀರ್ಮಾನ’ ಎಂದು ಎಲ್ಲರಿಗೂ ಸ್ಪಷ್ಟವಾಗಿ ಹೇಳಿ. ಮೇಲಿನ ಉತ್ತರದಲ್ಲಿರುವ ಲೆಕ್ಕವನ್ನೂ ತೋರಿಸಿ. ಸ್ಲಾಟ್ ಉಳಿದರೆ ಅವರ ಜೀವವೇ ಉಳಿಯುತ್ತದೆ ಎಂದು ತಿಳಿದರೆ ಅವಸರ ಮಾಡುವುದಿಲ್ಲ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಎದ್ದು ಕಂಡದ್ದು ಬೇರೆ. ನಿಮ್ಮ ಹೀಲರ್‌ನ ಹೆಸರು, ಊರು, ಅವಳು ಈ ವಿದ್ಯೆಯನ್ನು ಯಾರಿಂದ ಕಲಿತಳು ಎಂಬ ವಿವರ ಪತ್ರದಲ್ಲಿ ಎಲ್ಲಿಯೂ ಇಲ್ಲ. ಚಿಕಿತ್ಸೆ ಮಾಡುವವರ ಬದುಕು ನಮ್ಮ ಸುತ್ತ ಎಷ್ಟು ಬಗೆಯಾಗಿದೆ! ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಬೆಂಗಳೂರಿನ ಬೀದಿಗಳಲ್ಲಿ ಮುರಿದ ಮೂಳೆಗೆ ಕಟ್ಟು ಕಟ್ಟುವ ‘ಪುತ್ತೂರು ಕಟ್ಟು’ ಫಲಕಗಳನ್ನು ನೀವೂ ನೋಡಿರುತ್ತೀರಿ. ಇಂತಹ ಬದುಕಿನಿಂದ ಒಂದು ಎಳೆಯನ್ನು ತೆಗೆದುಕೊಂಡು, ನಿಮ್ಮ ಪಾತ್ರ ಮುರಿಯದ ಒಂದು ನೇಮವನ್ನು ಕಟ್ಟಿಕೊಡಿ.

ಜಯನಗರದ ಒಂದು ಮನೆಯಲ್ಲಿ ನಾವು ಆಡುತ್ತಿದ್ದಾಗ ನಾನು ವಹಿಸಿದ್ದ ಪಾತ್ರ ಒಬ್ಬ ಮುದಿ ಸೂಲಗಿತ್ತಿ. ತಾನು ಮುಟ್ಟಿದ ಪ್ರತಿಯೊಬ್ಬರ ಹೆಸರು ಕೇಳದೆ ಮುಂದೆ ಹೋಗುವುದಿಲ್ಲ ಎಂಬುದು ಅವಳ ನೇಮ. ಒಮ್ಮೆ ಕಾಳಗ ಮುಗಿದ ಮೇಲೆ ಸಾಯುತ್ತಿದ್ದ ಗಾಬ್ಲಿನ್ ಒಂದನ್ನು ‘ಸ್ಪೇರ್ ದಿ ಡೈಯಿಂಗ್’ ಕ್ಯಾಂಟ್ರಿಪ್‌ನಿಂದ ಉಳಿಸಬಹುದೇ ಎಂದು ಡಂಜನ್ ಮಾಸ್ಟರನ್ನು ಕೇಳಿದೆ. ಸಾಮಾನ್ಯವಾಗಿ ಶತ್ರುಗಳು ಸೊನ್ನೆಗೆ ಇಳಿದೊಡನೆ ಸತ್ತರೆಂದೇ ಲೆಕ್ಕ; ಅವರು ಯೋಚಿಸಿ ಒಪ್ಪಿದರು. ಆ ಗಾಬ್ಲಿನ್ ಹೆಸರು ಹೇಳಿತು, ನಂತರದ ಮೂರು ವಾರ ನಮಗೆ ಗುಹೆಯ ದಾರಿ ತೋರಿತು. ಯಾವ ಯೋಧನ ಕತ್ತಿಯೂ ತಿರುಗಿಸದ ಕಡೆಗೆ ಅಂದು ಕಥೆ ತಿರುಗಿದ್ದನ್ನು ನಾನು ಇಂದಿಗೂ ಸಂತೋಷದಿಂದ ನೆನೆಯುತ್ತೇನೆ.

ಪ್ರಶ್ನೆ: ಹೀಲರ್ ಆಗಲು ಕ್ಲೆರಿಕ್ಕೇ ಆಗಬೇಕೇ? 2024ರ ಹೊಸ ನಿಯಮಪುಸ್ತಕದಲ್ಲಿ ಏನಾದರೂ ಬದಲಾಗಿದೆಯೇ?
— ಓದುಗರು, ಮಲ್ಲೇಶ್ವರ

ಉತ್ತರ: ಆಗಬೇಕಿಲ್ಲ. ಬಾರ್ಡ್ (ಹಾಡುಗಾರ) ಮತ್ತು ಪ್ರಕೃತಿಯ ಮಂತ್ರಗಾರರಾದ ಡ್ರೂಯಿಡ್‌ಗಳಿಗೂ ‘ಹೀಲಿಂಗ್ ವರ್ಡ್’ ಇದೆ. ಪಾಲಡಿನ್‌ನ (ವ್ರತಧಾರಿ ಯೋಧನ) ‘ಲೇ ಆನ್ ಹ್ಯಾಂಡ್ಸ್’ ಲೆವೆಲ್‌ನ ಐದು ಪಟ್ಟು ಪಾಯಿಂಟ್‌ಗಳ ನಿಧಿ. ಅದರಿಂದ ಒಂದೊಂದೇ ಪಾಯಿಂಟ್ ತೆಗೆದು ಬಿದ್ದವರನ್ನು ಎಬ್ಬಿಸಬಹುದು. 2014ರ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಂತ್ರವೇ ಇಲ್ಲದ ದಾರಿ: ‘ಹೀಲರ್’ ಫೀಟ್ ಪಡೆದ ಥೀಫ್, ಅಂದರೆ ಕಳ್ಳನ ಪಾತ್ರ. ಗಾಯಕ್ಕೆ ಕಟ್ಟುವ ಸಾಮಗ್ರಿಯಿರುವ, ಹತ್ತು ಬಾರಿ ಬಳಸಬಹುದಾದ ಹೀಲರ್ಸ್ ಕಿಟ್‌ನ ಬೆಲೆ 5 ಚಿನ್ನದ ನಾಣ್ಯ ಮಾತ್ರ, ಥೀಫ್ ಅದನ್ನು ಬೋನಸ್ ಆಕ್ಷನ್ನಿನಲ್ಲೇ ಬಳಸಬಲ್ಲ.

2024ರಲ್ಲಿ ಗಾಯ ಮಾಯಿಸುವ ಮೂಲ ಮಂತ್ರಗಳ ಬಲ ಹೆಚ್ಚಾಗಿದೆ: ‘ಕ್ಯೂರ್ ವೂಂಡ್ಸ್’ಗೆ ಎಂಟು ಮುಖದ ಎರಡು ದಾಳ, ‘ಹೀಲಿಂಗ್ ವರ್ಡ್’ಗೆ ನಾಲ್ಕು ಮುಖದ ಎರಡು ದಾಳ. ಹಾಗಾಗಿ ಕಾಳಗದ ನಡುವೆ ನಿಂತಿರುವವರಿಗೆ ಮಂತ್ರ ಹಾಕುವುದು ಹಿಂದಿನಷ್ಟು ನಷ್ಟದ ವ್ಯವಹಾರವಲ್ಲ. ಅದರ ಜೊತೆಗೆ ‘ಸ್ಪಿರಿಚುಯಲ್ ವೆಪನ್’ ಈಗ ಏಕಾಗ್ರತೆ ಬೇಡುತ್ತದೆ. ‘ಬ್ಲೆಸ್’ ಜೊತೆ ಅದನ್ನು ಒಟ್ಟಿಗೆ ನಡೆಸಲಾಗದು.

ಯಾವ ಪುಸ್ತಕ ಅನುಸರಿಸಿದರೂ ಒಂದು ಏರ್ಪಾಟು ಮಾಡಿಕೊಳ್ಳಿ. ಹೀಲರ್ ಕೂಡ ಒಂದು ದಿನ ಬೀಳುತ್ತಾನೆ, ಆಗ ಅವನ ಮಂತ್ರಗಳೆಲ್ಲ ಅವನೊಡನೆ ಮಲಗಿರುತ್ತವೆ. ಗುಂಪಿನ ಹಣದಿಂದ 50 ಚಿನ್ನದ ನಾಣ್ಯಕ್ಕೆ ಸಿಗುವ ಪೋಷನ್ ಆಫ್ ಹೀಲಿಂಗ್ (ಗಾಯ ಮಾಯಿಸುವ ಮದ್ದು) ಒಂದನ್ನು ಕೊಂಡು, ಹೀಲರ್‌ನ ಚೀಲದಲ್ಲಲ್ಲದೆ ಅವನ ಪಕ್ಕದಲ್ಲಿ ನಿಲ್ಲುವವರ ಸೊಂಟದ ಪಟ್ಟಿಯಲ್ಲಿಡಿ, ಅದು ಯಾರ ಬಳಿ ಇದೆ ಎಂಬುದನ್ನು ಎಲ್ಲರ ಪಾತ್ರದ ಹಾಳೆಯಲ್ಲೂ ಬರೆಯಿಸಿ.