ಸಿಂಹ, ಜಿಂಕೆ ಬಿಡಿ. ನಿಮ್ಮ ಗೊಬ್ಬರಗುಂಡಿಯಿಂದ ಶುರುಮಾಡಿ

ಪ್ರಿಯರೇ, ನಮಸ್ಕಾರ.

ನೀವು ಕಳಿಸಿದ ‘ನಿಸರ್ಗದ ಚಕ್ರ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಳ್ಳೆಯ ಲೇಖನವೊಂದು ಅಡಗಿದೆ, ಹಾಗಾಗಿ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹುಲ್ಲು, ಜಿಂಕೆ, ಸಿಂಹ ಎಂದು ಮೂರು ಪುಟ ತುಂಬಿಸಿದ್ದೀರಿ. ಅದು ಶಾಲೆಯ ಪಾಠದಲ್ಲೇ ಇದೆ. ನಾಲ್ಕನೇ ಪುಟದ ತುದಿಯಲ್ಲಿ ಮಾತ್ರ ‘ಶಿರಸಿ ಕಡೆ ನಮ್ಮ ಮನೆಯವರು ಸೊಪ್ಪಿನ ಬೆಟ್ಟದಿಂದ ದರಕು ತಂದು ಕೊಟ್ಟಿಗೆಗೆ ಹಾಸುತ್ತಾರೆ’ ಎಂಬ ಒಂದು ಸಾಲು ಬಂದು ಹೋಗುತ್ತದೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಸೊಪ್ಪಿನ ಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ದರಕು ಎಂದರೆ ಉದುರಿದ ಒಣ ಎಲೆ ಎಂದು ಓದುಗರಿಗೆ ಅಲ್ಲೇ ಹೇಳಿಬಿಡಿ.

ಅದಕ್ಕೆ ಮೊದಲು ಒಂದು ತಪ್ಪು ತಿದ್ದಬೇಕು. ‘ಶಕ್ತಿಯೂ ಪೋಷಕಾಂಶಗಳೂ ಕಾಡಿನಲ್ಲಿ ಸುತ್ತುತ್ತಲೇ ಇರುತ್ತವೆ’ ಎಂದಿದ್ದೀರಿ. ಪೋಷಕಾಂಶ ಸುತ್ತುತ್ತದೆ, ಶಕ್ತಿ ಸುತ್ತುವುದಿಲ್ಲ. ಎಲೆ ಹಿಡಿದಿಟ್ಟ ಬಿಸಿಲು, ಯಾರು ತಿಂದರೂ ಸರಿ, ಕೊನೆಗೆ ಉಸಿರಾಟದಲ್ಲಿ ಶಾಖವಾಗಿ ಹೊರಟುಹೋಗುತ್ತದೆ. ಆ ಶಾಖದಿಂದ ಯಾವ ಗಿಡವೂ ಮತ್ತೆ ಎಲೆ ಕಟ್ಟಲಾರದು; ದಿನಾ ಹೊಸ ಬಿಸಿಲು ಬೇಕು. ಸಾರಜನಕ, ರಂಜಕ, ಪೊಟ್ಯಾಶ್ ಹಾಗಲ್ಲ. ಎಲೆಯಲ್ಲಿದ್ದ ಅದೇ ಪರಮಾಣು ಗೆದ್ದಲಿನ ಹೊಟ್ಟೆ ಸೇರಿ, ಮಣ್ಣಿಗಿಳಿದು, ಬೇರಿನ ಮೂಲಕ ಮತ್ತೆ ಎಲೆಗೆ ಏರಬಲ್ಲದು.

ಈ ವ್ಯತ್ಯಾಸ ತೋರಿಸಲು ನಿಮ್ಮ ಕೊಟ್ಟಿಗೆ ಸಾಕು. ಹಸು ತಿಂದ ಹುಲ್ಲಿನ ಶಕ್ತಿಯಲ್ಲಿ ದೊಡ್ಡ ಪಾಲು ಮೈಯ ಬಿಸಿಯಾಗಿ ಕಳೆದುಹೋಗುತ್ತದೆ. ಸಾರಜನಕದ ಬಹುಪಾಲು ಮಾತ್ರ ಸಗಣಿ, ಗಂಜಲದಲ್ಲಿ ಹೊರಬೀಳುತ್ತದೆ. ಪೊಟ್ಯಾಶ್ ಹೆಚ್ಚಾಗಿ ಗಂಜಲದಲ್ಲೇ. ಕಾಲಡಿ ಹಾಸಿದ ಸೊಪ್ಪು ಹರಿದುಹೋಗಲಿದ್ದ ಗಂಜಲವನ್ನು ಹೀರಿ ಇಟ್ಟುಕೊಳ್ಳುತ್ತದೆ. ಆಮೇಲೆ ಗೊಬ್ಬರಗುಂಡಿ. ಹೊಸ ರಾಶಿಯೊಳಗೆ ಕೈ ತೂರಿಸಿದರೆ ಚುರುಕ್ಕೆನ್ನುತ್ತದೆ, ಚಳಿಗಾಲದ ಬೆಳಗ್ಗೆ ಹಬೆ ಏಳುತ್ತದೆ. ಸೂಕ್ಷ್ಮಜೀವಿಗಳು ಎಲೆ ತಿಂದು ಬಿಟ್ಟ ಕಾವು ಅದು, ಬೆಟ್ಟದ ಮರಗಳ ಮೇಲೆ ಬಿದ್ದಿದ್ದ ಬಿಸಿಲೇ. ಅದು ಹೋಗುತ್ತಿದೆ. ಅಡಿಕೆ ಮರಕ್ಕೆ ಬೇಕಾದ ಪೋಷಕಾಂಶ ಗುಂಡಿಯಲ್ಲಿ ಉಳಿಯುತ್ತಿದೆ. ಗುಂಡಿಯ ಮೇಲೆ ಚಾವಣಿ ಇಲ್ಲದಿದ್ದರೆ ನಿಮ್ಮೂರಿನ ಮಳೆಗೆ ನೈಟ್ರೇಟ್ (ನೀರಿನಲ್ಲಿ ಕರಗುವ ರೂಪದ ಸಾರಜನಕ), ಪೊಟ್ಯಾಶ್ ಎರಡೂ ತೊಳೆದುಹೋಗುತ್ತವೆ. ಇದನ್ನೆಲ್ಲ ಕಣ್ಣಾರೆ ಕಂಡವರು ನೀವು. ಸಿಂಹವನ್ನು ಹಾಗೆ ಕಂಡಿಲ್ಲ.

‘ವಿಜ್ಞಾನಿಗಳು ಹೇಳುತ್ತಾರೆ’ ಎಂದು ಮತ್ತೆ ಮತ್ತೆ ಬರುತ್ತದೆ. ಯಾವ ವಿಜ್ಞಾನಿ? ಗಿಡದಿಂದ ಅದನ್ನು ತಿನ್ನುವ ಪ್ರಾಣಿಗೆ, ಅದರಿಂದ ಬೇಟೆಪ್ರಾಣಿಗೆ, ಹೀಗೆ ಹಂತದಿಂದ ಹಂತಕ್ಕೆ ಶಕ್ತಿ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕಿದ ಮೊದಲಿಗರಲ್ಲಿ ರೇಮಂಡ್ ಲಿಂಡೆಮನ್ ಒಬ್ಬರು. ಅಮೆರಿಕದ ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯಲ್ಲಿ ಕೆಲಸ ಮಾಡಿದವರು. ಅವರ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯ ಪರಿಶೀಲಕರು ಬೇಡವೆಂದಿದ್ದರು. ಆದರೂ ಅದರ ಸಂಪಾದಕರು 1942ರಲ್ಲಿ ಅಚ್ಚು ಹಾಕಿದರು. ಅಷ್ಟರಲ್ಲಿ 26ರ ಲಿಂಡೆಮನ್ ತೀರಿಕೊಂಡಿದ್ದರು. ಇಂಥವರನ್ನು ‘ವಿಜ್ಞಾನಿಗಳು’ ಎಂಬ ಪದದಡಿ ಹೂತುಬಿಡಬೇಡಿ. ಅಂದಹಾಗೆ, ಒಂದು ಹಂತದ ಶಕ್ತಿಯಲ್ಲಿ ಮುಂದಿನ ಹಂತಕ್ಕೆ ದಾಟುವುದು ಎಲ್ಲೆಡೆ ಕರಾರುವಾಕ್ಕಾಗಿ ಶೇ. 10 ಅಲ್ಲ, ಅದು ಅಂದಾಜು.

‘ನಿಸರ್ಗದಲ್ಲಿ ಏನೂ ನಷ್ಟವಾಗುವುದಿಲ್ಲ’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದೇನೆ. ನಷ್ಟವಾಗುತ್ತದೆ. ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1965ರಲ್ಲಿ ಒಂದು ಹಳ್ಳದ ಜಲಾನಯನದ ಮರಗಳನ್ನೆಲ್ಲ ಕಡಿದು, ಚಿಗುರದಂತೆ ಕಳೆನಾಶಕ ಹೊಡೆದು ನೋಡಿದರು. ಹೀರಲು ಬೇರುಗಳಿಲ್ಲದೆ ಹಳ್ಳದ ನೀರಿನಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಏರಿತು.

ನಿಮ್ಮಲ್ಲಿ ನಷ್ಟ ಬೇರೆ ದಾರಿಯಲ್ಲಿದೆ. ಬೆಟ್ಟದ ಸೊಪ್ಪು ತೋಟಕ್ಕೆ ಇಳಿಯುತ್ತದೆ, ಅಡಿಕೆ ಪೇಟೆಗೆ ಹೋಗುತ್ತದೆ. ಬೆಟ್ಟಕ್ಕೆ ವಾಪಸು ಹೋಗುವುದೇನು? ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಕೊಟ್ಟಿದ್ದನ್ನು ನೋಡಿದರೆ ಒಂದು ತೋಟ ಎಷ್ಟು ಕಾಡನ್ನು ಆತುಕೊಂಡಿದೆ ಎಂದು ಅಂದಾಜಾಗುತ್ತದೆ. ಯಾವ ಮರದ ಸೊಪ್ಪು ಕಡಿಯುತ್ತಾರೆ, ದರಕು ಮೊದಲಿನಷ್ಟೇ ಸಿಗುತ್ತದೆಯೇ, ಚೀಲದ ಗೊಬ್ಬರ ಯಾವಾಗಿನಿಂದ ತರುತ್ತಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ. ಬೆಟ್ಟ ಬಡವಾಗಿದೆ ಎಂದು ಅವರ ಬಾಯಿಂದಲೇ ಬಂದರೆ ಸಂಕೋಚಪಟ್ಟು ಮುಚ್ಚಿಡದೆ ಬರೆಯಿರಿ. ನಿಮ್ಮ ಲೇಖನದ ಜೀವ ಅಲ್ಲೇ ಇದೆ.

900 ಪದ ಮೀರದಂತೆ ಹೊಸದಾಗಿ ಬರೆದು, ಗುಂಡಿಯದೂ ಬೆಟ್ಟದ್ದೂ ಒಂದೊಂದು ಫೋಟೊ ಸೇರಿಸಿ, ಮುಂದಿನ ತಿಂಗಳ ಕೊನೆಯೊಳಗೆ ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ