ಕಲ್ಲುಹೂವಿನಿಂದ ರವಿಕೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹೊಲಿಗೆ–ನೇಯ್ಗೆ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ತೊಗಟೆ, ಬಂಡೆ, ಮರಳು, ಎಲೆ, ಗರಿಗಳ ಟೆಕ್ಸ್ಚರನ್ನು ಬಟ್ಟೆಗೆ ತರುವುದು ಹೇಗೆ? ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಫ್ಯಾಷನ್ ಡಿಸೈನ್ ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ ಚಾಮುಂಡಿ ಬೆಟ್ಟದ ಬಂಡೆ, ಕುಕ್ಕರಹಳ್ಳಿ ಕೆರೆ ಏರಿಯ ಮರಗಳ ತೊಗಟೆ ಎಲ್ಲ ಸೇರಿ ರಾಶಿ ಫೋಟೊ ತೆಗೆದಿದ್ದೇನೆ. ಫೋಟೊ ಅಂಟಿಸಿದ ಬೋರ್ಡ್ ಚೆನ್ನಾಗಿದೆ, ಆದರೆ ಬಟ್ಟೆಯಲ್ಲಿ ಅದೇನೂ ಕಾಣುತ್ತಿಲ್ಲ ಅನ್ನುತ್ತಾರೆ ನಮ್ಮ ಮೇಡಂ. ಎಲ್ಲಿ ತಪ್ಪುತ್ತಿದ್ದೇನೆ?
— ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಫೋಟೊ ಜಾಸ್ತಿಯಾಗಿದ್ದೇ ತೊಂದರೆ. ಒಂದೇ ವಸ್ತು ಇಟ್ಟುಕೊಳ್ಳಿ, ಅದರ ಮೈ ಹಾಗೇಕೆ ಆಯಿತು ಎಂದು ಹುಡುಕಿ. ಕಾಂಡ ಒಳಗಿನಿಂದ ದಪ್ಪವಾಗುತ್ತ ಹೋದಂತೆ ಹೊರಗಿನ ಸತ್ತ ಪದರ ಹಿಗ್ಗಲಾರದೆ ಬಿರಿಯುತ್ತದೆ, ಅದು ತೊಗಟೆಯ ಬಿರುಕು. ಸೀಬೆ ಮರದ ತೊಗಟೆ ತೆಳು ಹಾಳೆಯಾಗಿ ಸುಲಿದು ಬರುತ್ತದೆ. ಕೆರೆಯ ಕೆಸರು ಒಣಗಿ ಕುಗ್ಗಿ ಸೀಳುತ್ತದೆ. ಹಿಗ್ಗುವುದು, ಕುಗ್ಗುವುದು, ಸುಲಿಯುವುದು, ಮಡಿಚಿಕೊಳ್ಳುವುದು ಇವೆಲ್ಲ ಬಟ್ಟೆಯ ಕೈಯಲ್ಲೂ ಆಗುತ್ತವೆ. ಕಾರಣ ಗೊತ್ತಾದರೆ ಯಾವ ಹೊಲಿಗೆ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಉದಾಹರಣೆಗೆ ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವು. ಬೆಟ್ಟದ ಬಂಡೆಯ ಮೇಲೆ ನೀವು ಕಂಡ ಬೂದು ತೇಪೆಗಳೂ ಇದೇ ವರ್ಗದವು. ದೇವರಾಜ ಮಾರುಕಟ್ಟೆಯಲ್ಲಿ ಸ್ವಲ್ಪ ಕೊಂಡು ತನ್ನಿ. ಒಣಗಿದ್ದು ಮುಟ್ಟಿದರೆ ಪುಡಿಯಾಗುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಸುತ್ತಿಡಿ. ಮೆತ್ತಗಾದ ಮೇಲೆ ಬಿಡಿಸಿ ನೋಡಿದರೆ ಒಂದು ಬದಿ ಮಾಸಲು ಬೂದು, ಇನ್ನೊಂದು ಬದಿ ಕಪ್ಪು. ನಡು ಸಪಾಟು, ಅಂಚೆಲ್ಲ ಸುರುಳಿ. ನಡುವಿಗಿಂತ ಅಂಚು ಹೆಚ್ಚು ಬೆಳೆದು, ಆ ಹೆಚ್ಚುವರಿ ಉದ್ದಕ್ಕೆ ಜಾಗ ಸಾಲದೆ ಅಲೆಯಾಗಿ ಎದ್ದಿದೆ.

ಇದನ್ನೇ ಬಟ್ಟೆಯಲ್ಲಿ ಮಾಡಿ. ಒಳಗಿನ ತ್ರಿಜ್ಯ 3 ಸೆಂ.ಮೀ., ಹೊರಗಿನದು 8 ಸೆಂ.ಮೀ. ಇರುವ ಬಳೆಯಾಕಾರ ಕತ್ತರಿಸಿ, ಒಂದು ಕಡೆ ಸೀಳಿ. ಒಳ ಅಂಚು ಸುಮಾರು 19 ಸೆಂ.ಮೀ., ಹೊರ ಅಂಚು ಸುಮಾರು 50. ಒಳ ಅಂಚನ್ನು 19 ಸೆಂ.ಮೀ. ನೇರ ಗೆರೆಗೆ ಹೊಲಿದರೆ ಹೊರ ಅಂಚು ತಾನಾಗಿ ಅಲೆಯೇಳುತ್ತದೆ, ನೆರಿಗೆ ಹಿಡಿಯುವ ಕೆಲಸವೇ ಇಲ್ಲ. ಹೆಚ್ಚು ಸುರುಳಿ ಬೇಕಾದರೆ ಒಳ ತ್ರಿಜ್ಯ ಕಡಿಮೆ ಮಾಡಿ. ಬೂದು ಮತ್ತು ಕಪ್ಪು ಆರ್ಗಂಜಾ (ತೆಳುವಾದರೂ ಬಿರುಸಾಗಿ ನಿಲ್ಲುವ ಬಟ್ಟೆ) ಎರಡು ಪದರ ಸೇರಿಸಿ ಕತ್ತರಿಸಿದರೆ ಮೇಲೊಂದು ಕೆಳಗೊಂದು ಬಣ್ಣವೂ ಬಂತು. ಪಾಲಿಯೆಸ್ಟರ್ ಆರ್ಗಂಜಾದ ಅಂಚನ್ನು ಮೇಣದಬತ್ತಿಯ ಪಕ್ಕ ಹಿಡಿದರೆ ಕರಗಿ ಕೂಡಿಕೊಳ್ಳುತ್ತದೆ. ರೇಷ್ಮೆಯದು ಕರಗದೆ ಸುಡುತ್ತದೆ. ಅದಕ್ಕೆ ಮೀನಿನ ಗಾಳದ ನೈಲಾನ್ ದಾರ ಇಟ್ಟು ಮೇಲೆ ಒತ್ತಾಗಿ ಜಿಗ್‌ಜಾಗ್ ಹಾಕಿ.

ಇನ್ನು ದಾಖಲಿಸುವ ಬಗ್ಗೆ. ನಡುಮಧ್ಯಾಹ್ನದ ಫೋಟೊದಲ್ಲಿ ಒರಟು ಕಾಣುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಬೆಳಕು ಪಕ್ಕದಿಂದ ಬೀಳುವಾಗ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಆಮೇಲೆ ಅಳತೆ ನೆನಪಿರುವುದಿಲ್ಲ. ತೆಳು ಕಾಗದ ಒತ್ತಿ ಹಿಡಿದು ಕ್ರೇಯಾನನ್ನು ಅಡ್ಡಲಾಗಿಸಿ ಉಜ್ಜಿದ ಅಚ್ಚು ಫೋಟೊಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಬಣ್ಣದ ಆಕರ್ಷಣೆ ಇಲ್ಲ, ಉಬ್ಬು ತಗ್ಗು ಮಾತ್ರ ನಿಜಗಾತ್ರದಲ್ಲಿ ಸಿಗುತ್ತದೆ. ಮೊದಲ ಸ್ಯಾಂಪಲ್ಲುಗಳೂ ಬಿಳಿ ಕೋರಾ ಬಟ್ಟೆಯಲ್ಲೇ ಆಗಲಿ. 15 ಸೆಂ.ಮೀ. ಚೌಕ ಸಾಕು. ಗೋಡೆಗೆ ಹಾಕಿ ಆರಡಿ ದೂರದಿಂದ ನೋಡಿ. ಅಲ್ಲಿಂದ ಕಾಣದ ಟೆಕ್ಸ್ಚರ್ ರ‍್ಯಾಂಪ್ ಮೇಲೂ ಕಾಣದು, ಗಾತ್ರ ಹಿಗ್ಗಿಸಿ.

ಪ್ರಶ್ನೆ: ಬಂಡೆಯ ಫೋಟೊವನ್ನೇ ಡಿಜಿಟಲ್ ಪ್ರಿಂಟ್ ಮಾಡಿಸಿದರೆ ಆಗದೆ?
— ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ಆಗುತ್ತದೆ, ಆದರೆ ಅದು ಟೆಕ್ಸ್ಚರಿನ ಚಿತ್ರ ಅಷ್ಟೆ, ಕೈಗೆ ಸಿಗದು. ಮಾಡಿಸುವುದೇ ಆದರೆ ನಿಜಗಾತ್ರದಲ್ಲಿ ಇಂಚಿಗೆ 150 ಪಿಕ್ಸೆಲ್ ಇರಲಿ, 32 ಸೆಂ.ಮೀ. ರಿಪೀಟಿಗೆ (ಮತ್ತೆ ಮತ್ತೆ ಬರುವ ಚಿತ್ರದ ತುಂಡಿಗೆ) ಸುಮಾರು 1,890 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ರಿಪೀಟನ್ನು ಪಕ್ಕಪಕ್ಕ ನೇರ ಜೋಡಿಸದೆ ಅರ್ಧ ಇಳಿಸಿ ಜೋಡಿಸಲು ಹೇಳಿ, ಅಡ್ಡಪಟ್ಟಿ ಕಾಣುವುದು ತಪ್ಪುತ್ತದೆ.

ಪ್ರಶ್ನೆ: ಕಾವೇರಿ ದಡದ ಮರಳಿನ ಅಲೆಯಂತೆ ರವಿಕೆ ತೋಳಿನ ಮೇಲೆ ಪಿನ್‌ಟಕ್ (ಸಾಲಾಗಿ ಹೊಲಿದ ಕಿರು ಮಡಿಕೆ) ಬೇಕು ಎಂದು ಗಿರಾಕಿಯೊಬ್ಬರು ಕೇಳಿದ್ದರು. ಹೊಲಿದ ಮೇಲೆ ತೋಳು ಬಿಗಿಯಾಗಿ, ಕಂಕುಳಲ್ಲಿ ಎಳೆಯಿತು. ಲೆಕ್ಕ ಹೇಗೆ?
— ಟೈಲರ್, ಮಂಡ್ಯ

ಉತ್ತರ: ತೋಳನ್ನು ಮೊದಲು ಕತ್ತರಿಸಿ ಆಮೇಲೆ ಟಕ್ ಹಿಡಿದಿದ್ದೀರಿ ಅನಿಸುತ್ತದೆ. ಟಕ್ ಮೊದಲು, ಕತ್ತರಿ ಆಮೇಲೆ. ಒಂದು ಸೆಂ.ಮೀ. ಆಳದ ಟಕ್ ಎರಡು ಸೆಂ.ಮೀ. ಬಟ್ಟೆ ನುಂಗುತ್ತದೆ. ತಯಾರಾದ ತೋಳಿನ ಅಗಲ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಎರಡೂ ಬದಿ ಐದೈದು ಸೆಂ.ಮೀ. ಸಪಾಟು ಬಿಡಿ; ಕಂಕುಳಿನಲ್ಲಿ ಟಕ್ ಬಂದರೆ ದಪ್ಪವಾಗಿ ಉಜ್ಜುತ್ತದೆ. ನಡುವಿನ 20 ಸೆಂ.ಮೀ.ಗೆ ಎರಡು ಸೆಂ.ಮೀ.ಗೊಂದರಂತೆ ಹತ್ತು ಟಕ್, ಅಂದರೆ 20 ಸೆಂ.ಮೀ. ಹೆಚ್ಚುವರಿ. ಒಂದು ತೋಳಿಗೆ 50 ಸೆಂ.ಮೀ. ಅಗಲ ಮತ್ತು ಹೊಲಿಗೆಯ ಅಂಚು. ಸೀರೆ ಜೊತೆ ಬರುವ 80 ಸೆಂ.ಮೀ. ಬ್ಲೌಸ್ ಪೀಸಿನಲ್ಲಿ ಇದನ್ನು ಹೊಂದಿಸುವುದು ಕಷ್ಟ, ಗಿರಾಕಿಗೆ ಅಳತೆ ತೆಗೆಯುವಾಗಲೇ ಹೇಳಿಬಿಡಿ.

ಗೆರೆಗಳನ್ನು ಹಾಸಿನ (ಉದ್ದದ) ಎಳೆಯ ಗುಂಟವೇ ಎಳೆಯಿರಿ. ಸ್ವಲ್ಪ ಓರೆಯಾದರೂ ಟಕ್ ತಿರುಚಿಕೊಳ್ಳುತ್ತದೆ. 11ನೇ ನಂಬರ್ ಸೂಜಿ, 2ರಿಂದ 2.5 ಮಿ.ಮೀ. ಹೊಲಿಗೆ, ಮೇಲಿನ ದಾರ ಸ್ವಲ್ಪ ಸಡಿಲ. ಸುಕ್ಕು ಬರುವುದು ಹೆಚ್ಚಾಗಿ ದಾರ ಬಿಗಿಯಾದಾಗ.

ಇನ್ನು ಅಲೆ. ಹರಿಯುವ ನೀರಿನ ಕೆಳಗಿನ ಮರಳಿನ ಅಲೆ ಎರಡೂ ಕಡೆ ಒಂದೇ ತರ ಇರುವುದಿಲ್ಲ. ನೀರು ಬರುವ ಕಡೆ ಇಳಿಜಾರು ನಿಧಾನ, ಹೋಗುವ ಕಡೆ ಕಡಿದು. ಟಕ್ಕುಗಳನ್ನೆಲ್ಲ ಒಂದೇ ಕಡೆ ಮಲಗಿಸಿದರೆ ಅದೇ ಆಕಾರ. ಬಳುಕು ಬೇಕಾದರೆ ಟಕ್ಕುಗಳಿಗೆ ಅಡ್ಡಲಾಗಿ ಒಂದು ಹೊಲಿಗೆ ಹಾಕುತ್ತ ಎಲ್ಲವನ್ನೂ ಎಡಕ್ಕೆ ಮಲಗಿಸಿ, ಐದು ಸೆಂ.ಮೀ. ಕೆಳಗೆ ಇನ್ನೊಂದು ಹೊಲಿಗೆಯಲ್ಲಿ ಬಲಕ್ಕೆ ಮಲಗಿಸಿ. ನಡುವಿನ ಭಾಗಕ್ಕೆ ಇಸ್ತ್ರಿ ಮುಟ್ಟಿಸಬೇಡಿ, ಬಳುಕು ಸತ್ತುಹೋಗುತ್ತದೆ. ಹತ್ತಿ, ಟಸರ್ ಇದಕ್ಕೆ ಒಳ್ಳೆಯದು. ಕ್ರೇಪ್ ರೇಷ್ಮೆಯಲ್ಲಿ ಟಕ್ ನಿಲ್ಲದೆ ಜೋತುಬೀಳುತ್ತದೆ.

ಪ್ರಶ್ನೆ: ಮನೆಯಲ್ಲೇ ಹತ್ತಿ ದುಪಟ್ಟಾದ ಮೇಲೆ ಎಲೆಯ ಅಚ್ಚು ತೆಗೆಯಲು ನೋಡಿದೆ. ಒಮ್ಮೆ ಬಟ್ಟೆಯೆಲ್ಲ ಬೂದು ಬಣ್ಣಕ್ಕೆ ತಿರುಗಿತು, ಇನ್ನೊಮ್ಮೆ ಅಚ್ಚು ಬಂದರೂ ಒಗೆದಾಗ ಹೋಯಿತು.
— ಗೃಹಿಣಿ, ಮದ್ದೂರು

ಉತ್ತರ: ಎರಡೂ ಬೇರೆ ಬೇರೆ ತಪ್ಪು. ಒಗೆದಾಗ ಹೋಗಿದ್ದು ಬಟ್ಟೆಗೆ ಬಣ್ಣ ಹಿಡಿಯುವ ಸಿದ್ಧತೆ ಇರಲಿಲ್ಲವೆಂದು. ಬೂದು ಆಗಿದ್ದು ಅಳಲೆ ಹಾಕಿದ ಬಟ್ಟೆಗೆ ಕಬ್ಬಿಣದ ನೀರು ತಗಲಿದ್ದರಿಂದ. ಅಳಲೆಯ ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು ಎಂದೇ ಲೆಕ್ಕ.

250 ಗ್ರಾಂ ತೂಗುವ ದುಪಟ್ಟಾಗೆ ಹೀಗೆ ಮಾಡಿ. ಮೊದಲು ಐದಾರು ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ. ನೀರು ಹಳದಿಯಾಗುವುದು ಹತ್ತಿಯ ಜಿಡ್ಡು ಬಿಟ್ಟಿದ್ದರ ಗುರುತು. ಜಾಲಿಸಿದ ಮೇಲೆ 40 ಗ್ರಾಂ ಅಳಲೆಕಾಯಿ ಪುಡಿ ಕದಡಿದ ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿ, ಹಿಂಡಿ, ಜಾಲಿಸದೆ ನೆರಳಲ್ಲಿ ಒಣಗಿಸಿ. ಮರುದಿನ 40 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಮತ್ತೊಂದು ರಾತ್ರಿ. ಎರಡೂ ಸಲ ಬಟ್ಟೆ ಪೂರ್ತಿ ಮುಳುಗಿ ಆಡಬೇಕು, ಮಡಿಕೆಯಲ್ಲಿ ಕೂತರೆ ಕಲೆ.

ಎಲೆಯ ಆಯ್ಕೆಯಲ್ಲೇ ಅರ್ಧ ಫಲ ಇದೆ. ನೀಲಗಿರಿ, ಎಳೆ ತೇಗ, ಸೀಬೆ, ಗುಲಾಬಿ ಎಲೆಗಳು ಅಚ್ಚು ಕೊಡುತ್ತವೆ. ಚೆಂಡುಹೂವಿನ ದಳ ಹಳದಿ ಕೊಡುತ್ತದೆ. ಬೀಟ್‌ರೂಟ್ ಬಣ್ಣವನ್ನು ನಂಬಿ ಕೆಡಬೇಡಿ, ನಿಲ್ಲುವುದಿಲ್ಲ. ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿ, ಅದರಲ್ಲಿ ಎಲೆಯನ್ನು ಅದ್ದಿ, ಹಳೇ ಬಟ್ಟೆಯ ನಡುವೆ ಒತ್ತಿ ತೇವ ಪೂರ್ತಿ ಹೀರಿಸಿ. ತೊಟ್ಟಿಕ್ಕುವ ಎಲೆ ಇಟ್ಟಿರೋ, ಸುತ್ತಲೂ ಬೂದು ಹರಡಿತು. ನರ ಎದ್ದಿರುವ ಹಿಂಬದಿ ಬಟ್ಟೆಗೆ ತಾಗಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರದ ಕೋಲಿಗೆ ಬಿಗಿಯಾಗಿ ಸುತ್ತಿ, ದಾರದಿಂದ ಬೆರಳು ತೂರದಷ್ಟು ಒತ್ತಾಗಿ ಕಟ್ಟಿ. ಹಾಳೆ ಇಲ್ಲದಿದ್ದರೆ ಒಂದು ಸುತ್ತಿನ ಅಚ್ಚು ಮುಂದಿನ ಸುತ್ತಿನಲ್ಲೂ ಮಸುಕಾಗಿ ಮೂಡುತ್ತದೆ. ಇಡ್ಲಿಯಂತೆ ಹಬೆಯಲ್ಲಿ ಎರಡು ಗಂಟೆ. ಆದರೆ ಇಡ್ಲಿ ಪಾತ್ರೆಯಲ್ಲಿ ಖಂಡಿತ ಬೇಡ, ಈ ಪಾತ್ರೆಯನ್ನು ಅಡುಗೆಗೆ ಮತ್ತೆ ಬಳಸುವಂತಿಲ್ಲ. ಆರಿದ ಮೇಲೆ, ಸಾಧ್ಯವಾದರೆ ಮರುದಿನ ಬಿಚ್ಚಿ. ಒಗೆಯಲು ನಾಲ್ಕೈದು ದಿನ ಕಾಯಿರಿ, ಸೋಡಾ ಇಲ್ಲದ ಸೋಪು ಬಳಸಿ. ಅಚ್ಚು ಕಡುವಾಗಲಿ ಎಂದು ಅನ್ನಭೇದಿ ಹೆಚ್ಚಿಸಿದರೆ ಕೆಲವು ತಿಂಗಳಲ್ಲಿ ಎಲೆ ಇದ್ದ ಜಾಗದಲ್ಲೇ ಬಟ್ಟೆ ಹರಿಯುತ್ತದೆ.

ಪ್ರಶ್ನೆ: ನಾವು ಪ್ಲೇನ್ ರೇಷ್ಮೆ ನೇಯುತ್ತೇವೆ. ವಿನ್ಯಾಸ ನೇಯುವ ಜಕಾರ್ಡಿಗೆ ಹೊಸ ಕಾರ್ಡಿನ ಖರ್ಚಿಲ್ಲದೆ ಬಟ್ಟೆಯ ಮೇಲೆ ತೊಗಟೆಯಂಥ ಉಬ್ಬು ತರಬಹುದೆ?
— ನೇಕಾರರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ತರಬಹುದು, ಹುರಿಯಿಂದಲೇ, ಅಂದರೆ ಎಳೆಗೆ ಕೊಡುವ ತಿರುಚಿನಿಂದಲೇ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯ ಮೈಯಲ್ಲಿರುವ ಸಣ್ಣ ಕಣಕಣ ಕೂಡ ಹುರಿಯದೇ ಕೆಲಸ. ಹೊಕ್ಕಿಗೆ (ಅಡ್ಡ ಎಳೆಗೆ) ಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಸುತ್ತಿನ ಹುರಿ ಕೊಟ್ಟು, ಎರಡು ಎಳೆ ಬಲಹುರಿ, ಎರಡು ಎಳೆ ಎಡಹುರಿ ಎಂದು ಎರಡು ಲಾಳಿಯಲ್ಲಿ ಹಾಕುತ್ತಾರೆ. ಮಗ್ಗದ ಮೇಲೆ ಬಟ್ಟೆ ಸಪಾಟು. ರೇಷ್ಮೆ ಎಳೆಯ ಸಹಜ ಅಂಟನ್ನು ತೆಗೆದಾಗ ಹುರಿ ಬಿಚ್ಚಿಕೊಳ್ಳಲು ಎಳೆದಾಡಿ ಬಟ್ಟೆ ಕುಗ್ಗುತ್ತದೆ.

ಈ ಕುಗ್ಗನ್ನೇ ಬಳಸಿ. ಮೂರು ಸೆಂ.ಮೀ. ಕ್ರೇಪ್ ಹೊಕ್ಕು, ಮೂರು ಸೆಂ.ಮೀ. ಸಾದಾ ಹೊಕ್ಕು ಹೀಗೆ ಪಟ್ಟಿಪಟ್ಟಿಯಾಗಿ ನೇಯ್ದರೆ, ಅಂಟು ತೆಗೆದ ಮೇಲೆ ಕ್ರೇಪ್ ಪಟ್ಟಿ ಸೆಳೆದುಕೊಂಡು ಸಾದಾ ಪಟ್ಟಿ ಉಬ್ಬುತ್ತದೆ. ತೊಂದರೆ ಅಂಚಿನದು: ಪಟ್ಟಿಗೊಂದು ಅಗಲವಾಗಿ ಅಂಚು ಹಲ್ಲುಹಲ್ಲಾಗುತ್ತದೆ. ಆದ್ದರಿಂದ ಇದು ಸ್ಟೋಲಿಗೆ, ಪಲ್ಲುವಿಗೆ ಸರಿ. ಸೀರೆಯ ಉದ್ದಕ್ಕೂ ಬೇಕಾದರೆ ಪಟ್ಟಿಯನ್ನು ಒಂದು ಸೆಂ.ಮೀ.ಗಿಂತ ಕಿರಿದು ಮಾಡಿ. ಹಣಿಗೆಯಲ್ಲಿ ಅಲ್ಲಲ್ಲಿ ಹಲ್ಲು ಖಾಲಿ ಬಿಟ್ಟು ಬಿರುಕಿನಂಥ ಗೆರೆಯನ್ನೂ ತೆಗೆಯಬಹುದು, ಆದರೆ ಮೂರು ನಾಲ್ಕು ಮಿ.ಮೀ. ಮೀರಿದರೆ ಎಳೆ ಸರಿದು ಖಾಲಿ ಮುಚ್ಚಿಕೊಳ್ಳುತ್ತದೆ.

ಅಂಟು ತೆಗೆಯಲು 100 ಗ್ರಾಂ ಬಟ್ಟೆಗೆ ಮೂರು ಲೀಟರ್ ಮೆದು ನೀರು, 20–25 ಗ್ರಾಂ ಸೋಪು, 90ರಿಂದ 95 ಡಿಗ್ರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಕೊತಕೊತ ಕುದಿಸಿದರೆ ಎಳೆ ತರಚುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪು ಒಡೆದು ಬಿಳಿ ಕಿಟ್ಟ ಬಟ್ಟೆಗೆ ಅಂಟುತ್ತದೆ. ತೂಕದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಇಳಿಯುವುದು ಸಹಜ, ದರ ಹಾಕುವಾಗ ನೆನಪಿರಲಿ. ಬಣ್ಣ ಹಾಕುವುದು ಇದಾದ ಮೇಲೆ. ಮೊದಲು ಪೂರ್ತಿ ಅಗಲದಲ್ಲಿ 30 ಸೆಂ.ಮೀ. ನೇಯ್ದು ಎಷ್ಟು ಕುಗ್ಗಿತು ಅಳೆದು, ಅಷ್ಟು ಅಗಲ ಹೆಚ್ಚಿಸಿ ಹಾಸು ಹೂಡಿ.

ಪ್ರಶ್ನೆ: ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಯ ಗರಿಗಳು ಬಿದ್ದಿದ್ದವು. ದುಪಟ್ಟಾಗೆ ಹೊಲಿಯಬಹುದೆ?
— ಓದುಗರು, ಮಳವಳ್ಳಿ

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವ ಹಕ್ಕಿ ಅದು, ಗರಿಯನ್ನು ಅಲ್ಲೇ ಬಿಡಿ. ಬಟ್ಟೆಯಲ್ಲೇ ಗರಿ ಮಾಡಬಹುದು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ರೇಷ್ಮೆ ತೆಗೆದುಕೊಂಡು, 4 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ತುಂಡುಗಳನ್ನು ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿ. ನಡುವೆ ಉದ್ದಕ್ಕೂ ಎರಡು ಸಾಲು ಹೊಲಿಗೆ ಹಾಕಿ, ಅದು ಗರಿಯ ದಿಂಡು. ಎರಡೂ ಅಂಚಿನಿಂದ ದಿಂಡಿನ ಕಡೆಗೆ, ಎಳೆಯ ಗುಂಟವೇ, 2 ಮಿ.ಮೀ. ಉಳಿಯುವಂತೆ ಓರೆಯಾಗಿ ಕತ್ತರಿಸುತ್ತ ಹೋಗಿ. ಸೂಜಿಯಿಂದ ಬಾಚಿದರೆ ಅಡ್ಡ ಎಳೆಗಳು ಉದುರಿ ಎಡಕ್ಕೆ ಹಾಸಿನ ಎಳೆ, ಬಲಕ್ಕೆ ಹೊಕ್ಕಿನ ಎಳೆ ಮಾತ್ರ ಉಳಿಯುತ್ತವೆ. ಹಾಸು ಬಿಳಿ, ಹೊಕ್ಕು ಗುಲಾಬಿಯಾದರೆ ಒಂದು ಬದಿ ಬಿಳಿ, ಇನ್ನೊಂದು ಬದಿ ಗುಲಾಬಿ. ನೇರವಾಗಿ ಕತ್ತರಿಸಿದ ತುಂಡಿನಲ್ಲಿ ಎಳೆ ದಿಂಡಿಗೆ ಅಡ್ಡಲಾಗಿ ನಿಂತು ಪೊರಕೆಯಂತೆ ಕಾಣುತ್ತದೆ. ದುಪಟ್ಟಾಗೆ ಹೊಲಿಯುವಾಗ ಕೆಳಗಿನ ಸಾಲಿನಿಂದ ಶುರು ಮಾಡಿ, ಮೇಲಿನ ಸಾಲು ಕೆಳಗಿನದರ ಅರ್ಧ ಮುಚ್ಚಲಿ. ಕೈಯಲ್ಲೇ ಒಗೆಯಬೇಕು, ಮಷಿನ್ನಿಗೆ ಹಾಕಿದರೆ ಎಳೆಗಳು ಗಂಟಾಗುತ್ತವೆ.