ಸೆನೆಟಿನಲ್ಲಿ ‘ಹಿರಿಯ’, ‘ಕಿರಿಯ’ ಎಂದರೇನು?
ನೀವು ಕೇಳಿರುವುದು ಎರಡು ಸಂಗತಿ: ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟಿಗೆ ಪ್ರತಿ ರಾಜ್ಯ ಕಳಿಸುವ ಇಬ್ಬರು ಸದಸ್ಯರಲ್ಲಿ (ಸೆನೆಟರುಗಳಲ್ಲಿ) ಒಬ್ಬರನ್ನು ‘ಹಿರಿಯ’, ಇನ್ನೊಬ್ಬರನ್ನು ‘ಕಿರಿಯ’ ಎನ್ನುವುದೇಕೆ, ಮತ್ತು ಅವರು ತಮ್ಮ ರಾಜ್ಯ ಸರ್ಕಾರ ಹೇಳಿದಂತೆ ಮತ ಹಾಕಬೇಕೇ ಎಂಬುದು.

ಮೊದಲನೆಯದಕ್ಕೆ ಉತ್ತರ ಸರಳ. ಯಾರು ಮೊದಲು ಬಂದು ನಿರಂತರವಾಗಿ ಕುಳಿತಿದ್ದಾರೋ ಅವರು ಹಿರಿಯರು, ಅಷ್ಟೇ. ಮತ ಇಬ್ಬರಿಗೂ ಒಂದೊಂದೇ. ನಾನೂ ಬಹಳ ಕಾಲ ಇದನ್ನು ವಯಸ್ಸಿನ ಲೆಕ್ಕವೆಂದೇ ತಿಳಿದಿದ್ದೆ. ಆ ಭ್ರಮೆ ಕಳೆದದ್ದು ಜಾರ್ಜಿಯಾದಿಂದ. 2021ರ ಜನವರಿ 20ರಂದು ಆ ರಾಜ್ಯದ ಇಬ್ಬರೂ ಹೊಸಬರು ಒಂದೇ ದಿನ ಪ್ರಮಾಣವಚನ ಸ್ವೀಕರಿಸಿದರು. ರಫೇಲ್ ವಾರ್ನಾಕ್ ಅವರಿಗೆ 51 ವರ್ಷ, ಜಾನ್ ಆಸಫ್ ಅವರಿಗೆ 33. ಹಿರಿಯರೆನಿಸಿಕೊಂಡವರು 33ರ ಆಸಫ್! ಹಿಂದೆ ಯಾವ ಹುದ್ದೆಯಲ್ಲಿದ್ದರು ಎಂಬುದರಿಂದಲೂ ತೀರ್ಮಾನವಾಗದಾಗ ಕೊನೆಗೆ ಉಪನಾಮದ ಅಕ್ಷರಕ್ರಮ ನೋಡುತ್ತಾರೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಆಸಫ್ (Ossoff) ಹೆಸರಿನ ‘ಒ’ ಮೊದಲು, ವಾರ್ನಾಕ್ (Warnock) ಹೆಸರಿನ ‘ಡಬ್ಲ್ಯು’ ಆಮೇಲೆ.

ಸೌತ್ ಕರೊಲಿನಾದ ಫ್ರಿಟ್ಜ್ ಹಾಲಿಂಗ್ಸ್ ಅವರದು ಇನ್ನೂ ಸ್ವಾರಸ್ಯದ ಪಾಡು. 1966ರಲ್ಲಿ ಸೆನೆಟ್ ಸೇರಿದ ಅವರು 36 ವರ್ಷ ‘ಕಿರಿಯ’ರಾಗಿಯೇ ಉಳಿದರು. ಕಾರಣ, ಅವರಿಗಿಂತ ಮೊದಲೇ ಬಂದಿದ್ದ ಸ್ಟ್ರಾಮ್ ಥರ್ಮಂಡ್ ನೂರು ತುಂಬುವವರೆಗೂ ಜಾಗ ಬಿಡಲಿಲ್ಲ. 2003ರಲ್ಲಿ ಹಾಲಿಂಗ್ಸ್ ಹಿರಿಯರಾದಾಗ ವಯಸ್ಸು 81. ಆ ಪಟ್ಟ ಉಳಿದದ್ದು ಎರಡೇ ವರ್ಷ.

ಸಾಮಾನ್ಯವಾಗಿ ಒಂದು ರಾಜ್ಯದ ಇಬ್ಬರೂ ಒಟ್ಟಿಗೆ ಚುನಾವಣೆ ಎದುರಿಸುವುದಿಲ್ಲ. ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗದ ಸ್ಥಾನಗಳು ತೆರವಾಗುವಂತೆ ಸದಸ್ಯರನ್ನು ಮೂರು ವರ್ಗಗಳಾಗಿ ಹಂಚಿದ್ದಾರೆ. 1789ರಲ್ಲಿ ಯಾರ ಅವಧಿ ಎಷ್ಟು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ಜಾರ್ಜಿಯಾದಲ್ಲಿ ಎರಡೂ ಸ್ಥಾನಗಳು ಒಟ್ಟಿಗೆ ಕಣಕ್ಕೆ ಬಂದದ್ದು ಒಬ್ಬರು ಅವಧಿಗೆ ಮುಂಚೆಯೇ ರಾಜೀನಾಮೆ ಕೊಟ್ಟಿದ್ದರಿಂದ. ಹಾಗಾಗಿ ವಾರ್ನಾಕ್ ಉಳಿದ ಅವಧಿಗಷ್ಟೇ ಗೆದ್ದು, 2022ರಲ್ಲಿ ಮತ್ತೆ ಮತ ಕೇಳಬೇಕಾಯಿತು.

ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸಂವಿಧಾನಕ್ಕೆ ಮೊದಲಿದ್ದ ಒಕ್ಕೂಟದ ಕಾಂಗ್ರೆಸ್ಸಿನಲ್ಲಿ, ಅಂದರೆ ರಾಜ್ಯಗಳ ಪ್ರತಿನಿಧಿಗಳ ಸಭೆಯಲ್ಲಿ, ಒಂದು ರಾಜ್ಯದಿಂದ ಎಷ್ಟು ಜನ ಬಂದರೂ ರಾಜ್ಯಕ್ಕೆ ಒಂದೇ ಮತ. ಬೇಡವೆನಿಸಿದ ಪ್ರತಿನಿಧಿಯನ್ನು ರಾಜ್ಯ ಹಿಂದಕ್ಕೆ ಕರೆಸಿಕೊಳ್ಳಬಹುದಿತ್ತು. 1787ರ ಸಂವಿಧಾನ ಇವೆರಡನ್ನೂ ಕೈಬಿಟ್ಟಿತು. ಈಗ ಸೆನೆಟರಿಗೆ ಆಜ್ಞೆ ಮಾಡುವ ಅಧಿಕಾರ ಗವರ್ನರಿಗೂ ಇಲ್ಲ, ರಾಜ್ಯದ ಶಾಸನಸಭೆಗೂ ಇಲ್ಲ. ಇಬ್ಬರೂ ಬೇರೆ ಬೇರೆ ಪಕ್ಷದವರಾದರೆ ಒಬ್ಬರ ಮತವನ್ನು ಇನ್ನೊಬ್ಬರು ಹೊಡೆದುಹಾಕುವುದೂ ಉಂಟು. ‘ರಾಜ್ಯದ ನಿಲುವು’ ಎಂಬ ಒಂದೇ ದನಿ ಅಲ್ಲಿ ಇರಲೇಬೇಕೆಂದಿಲ್ಲ.

ಆದರೂ 1913ರ ಹದಿನೇಳನೇ ತಿದ್ದುಪಡಿಯವರೆಗೆ ಸೆನೆಟರುಗಳನ್ನು ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯಗಳ ಶಾಸನಸಭೆಗಳು. ಅಲ್ಲಿ ಜಗಳ ಬಗೆಹರಿಯದಿದ್ದರೆ ಕುರ್ಚಿ ಖಾಲಿ. ಡೆಲವೇರ್ ಶಾಸಕರು ಒಮ್ಮತಕ್ಕೆ ಬಾರದೆ, 1901ರಿಂದ 1903ರವರೆಗೆ ಆ ರಾಜ್ಯದ ಪರವಾಗಿ ಹಿರಿಯರೂ ಇರಲಿಲ್ಲ, ಕಿರಿಯರೂ ಇರಲಿಲ್ಲ.